ಹಸಿವೆ ಅಂದ ದಿನ

ಮಂಗೇಶನನ್ನು ಮಣಿಪಾಲದ ಆಸ್ಪತ್ರೆಯಿಂದ ಬೆಳಂಬಾರದ ಮನೆಗೆ ಕರೆತಂದಾಗ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಿತ್ತು. ಬೈತಖೋಲದ ಬಂದರಿನಲ್ಲಿ ಖಲಾಸಿಗಳು ಬಲೆ ಹೊಲಿಯುತ್ತ, ಬೋಟುಗಳಿಗೆ ಬಣ್ಣ ಬಳಿಯುತ್ತ ಇದ್ದರು. ಪ್ರತಿ ವರ್ಷ ಆ ಕೆಲಸದ ಹತ್ತಿರ ನಿಂತು ಬೈಯುವವನು ಮಂಗೇಶ. ಕಾರವಾರದ ತುಳಸಿದಾಸ ಎಂಬವರ ಬೋಟಿಗೆ ಅವನು ತಾಂಡೇಲ. ಚುಕ್ಕಾಣಿ ಹಿಡಿಯುವುದು, ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ಹೇಳುವುದು, ಬಲೆ ಬಿಡಲು ಕೂಗು ಹಾಕುವುದು ಎಲ್ಲ ಅವನದೇ. ಈ ವರ್ಷ ಆ ಜಾಗದಲ್ಲಿ ಅವನ ತಮ್ಮ ಜಗದೀಶ ನಿಂತಿದ್ದ. ಅಣ್ಣನ ಕೈಕೆಳಗೇ ಕಲಿತವನು. ಆದರೆ ಬೈಯಲು ಬರುತ್ತಿರಲಿಲ್ಲ.

ಇವರು ಹೊರಡುವ ಮೊದಲು ಮಣಿಪಾಲದ ಡಾಕ್ಟರು ಜಗದೀಶನನ್ನೂ ಮಂಗೇಶನ ಮಗಳು ಪ್ರಗತಿಯನ್ನೂ ಒಳಗೆ ಕರೆದು ಕೂರಿಸಿದ್ದರು. ಲಿವರ್ ತುಂಬ ಗಡ್ಡೆ ಹಬ್ಬಿದೆ, ಇನ್ನು ಔಷಧ ಏರಿಸಿದರೆ ಸಂಕಟ ಹೆಚ್ಚುವುದೇ ಹೊರತು ಲಾಭವಿಲ್ಲ, ನೋವು ತಡೆಯುವ ಮಾತ್ರೆ ಕೊಡುತ್ತೇವೆ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಎಷ್ಟು ದಿನ ಎಂದು ಜಗದೀಶ ಕೇಳಿದ. ಡಾಕ್ಟರು ಲೆಕ್ಕ ಹೇಳಲಿಲ್ಲ. ವಾರದಿಂದ ವಾರಕ್ಕೆ ಇಳಿತ ಕಾಣುತ್ತಿದ್ದರೆ ವಾರಗಳ ಮಾತು, ದಿನದಿಂದ ದಿನಕ್ಕೆ ಕಾಣತೊಡಗಿದರೆ ದಿನಗಳ ಮಾತು ಎಂದಷ್ಟೇ ಹೇಳಿದರು. ಇದು ಪ್ರಗತಿಗೆ ಹೊಸದಲ್ಲ. ಅವಳು ಕಾರವಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಈ ಮಾತನ್ನು ಬೇರೆ ಮನೆಯವರಿಗೆ ಅವಳೇ ಹೇಳಿದ್ದುಂಟು. ತನಗೆ ಹೇಳಿದಾಗ ಮಾತ್ರ ಅದು ಯಾರದೋ ವಿಷಯ ಎಂಬಂತೆ ಕೇಳಿಸಿಕೊಂಡಳು.

ಹೊರಗೆ ಬಂದ ಮೇಲೆ ಜಗದೀಶ ಹೇಳಿದ್ದು ಒಂದೇ ಮಾತು, ಅತ್ತಿಗೆಗೆ ಗೊತ್ತಾಗಬಾರದು ಎಂದು. ಗೊತ್ತಾದರೆ ಅವರು ಅವತ್ತೇ ಕುಸಿಯುತ್ತಾರೆ, ಅಣ್ಣನನ್ನು ನೋಡುವವರು ಯಾರು ಎಂದ. ಪ್ರಗತಿಗೆ ಅದು ಸರಿ ಅನ್ನಿಸಲಿಲ್ಲ. ಆದರೆ ತಾಯಿ ಕಾಶಿ ಆಗಲೇ ಕಾರಿನ ಹತ್ತಿರ ದಿಂಬು ಜೋಡಿಸುತ್ತ, ಇವರಿಬ್ಬರ ಮುಖ ನೋಡುತ್ತ ನಿಂತಿದ್ದಳು. ಸದ್ಯ ತೀರಾ ನಿತ್ರಾಣವಾಗಿದೆ, ಸ್ವಲ್ಪ ಶಕ್ತಿ ಬಂದ ಮೇಲೆ ಮುಂದಿನದು ನೋಡುವ ಎಂದಿದ್ದಾರೆ ಅಂತ ಜಗದೀಶ ಹೇಳಿದ. ಕಾಶಿ ನಂಬಿದಳು. ಶಕ್ತಿ ಬರಿಸುವುದು ತನ್ನ ಕೆಲಸ ಎಂದುಕೊಂಡಳು.

ಕಾಶಿ ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟು ಕೂರುವವಳು. ಗಂಡ ಮನೆಗೆ ಬಂದ ದಿನದಿಂದ ಮಾರ್ಕೆಟ್ಟಿಗೆ ಹೋಗುವುದು ಬಿಟ್ಟಳು. ಅವಳ ಜಾಗದಲ್ಲಿ ಪಕ್ಕದ ಮನೆಯ ದುರ್ಗಿ ಕೂತಳು. ಕಾಶಿಯ ದಿನವೆಲ್ಲ ಈಗ ಒಲೆಯ ಮುಂದೆ. ನೊಗಲಿ ಮೀನಿನ ತಿಳಿಸಾರು, ಗಂಜಿತಿಳಿ, ರಾಗಿ ಅಂಬಲಿ, ಎಳನೀರು, ಯಾರೋ ಹೇಳಿದ ಬೇರಿನ ಕಷಾಯ. ಒಂದೊಂದನ್ನೂ ಬಟ್ಟಲಿಗೆ ಹಾಕಿ, ಆರಿಸಿ, ಚಮಚ ಹಿಡಿದು ಗಂಡನ ಪಕ್ಕ ಕೂರುತ್ತಿದ್ದಳು. ಮಂಗೇಶ ಮೊದಮೊದಲು ಅವಳ ಸಮಾಧಾನಕ್ಕೆ ಎರಡು ಚಮಚ ನುಂಗುತ್ತಿದ್ದ. ಆಮೇಲೆ ಒಂದಾಯಿತು. ಆಮೇಲೆ ಚಮಚ ತುಟಿಗೆ ತಾಗಿದೊಡನೆ ಮುಖ ಗೋಡೆಗೆ ತಿರುಗಿಸತೊಡಗಿದ. ಕಾಶಿ ಬಿಡುತ್ತಿರಲಿಲ್ಲ. ಗಲ್ಲ ಹಿಡಿದು ತಿರುಗಿಸುತ್ತಿದ್ದಳು. ಒಮ್ಮೆ ನುಂಗಿದ್ದೆಲ್ಲ ಕೆಮ್ಮಿ ಹೊರಗೆ ಬಂದು ಅವನ ಕಣ್ಣಲ್ಲಿ ನೀರು ಬಂತು. ಪ್ರಗತಿ ಬಟ್ಟಲು ತೆಗೆದು ಆಚೆ ಇಟ್ಟಳು. ದೇಹ ಈಗ ಅನ್ನ ತಗೊಳ್ಳುವ ಸ್ಥಿತಿಯಲ್ಲಿಲ್ಲ, ಒತ್ತಾಯ ಮಾಡಿದರೆ ಅಪ್ಪನಿಗೇ ಹಿಂಸೆ ಎಂದಳು.

"ತಿನ್ನದೇ ಇದ್ರೆ ಶಕ್ತಿ ಎಲ್ಲಿಂದ ಬತ್ತದೆ?" ಎಂದು ಕಾಶಿ ಕೇಳಿದಳು. "ಶಕ್ತಿ ಬಂದ ಮೇಲೆ ನೋಡುವ ಹೇಳಿ ಡಾಕ್ಟರೇ ಹೇಳಿದಾರಲ್ಲ?"

ಪ್ರಗತಿ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು. ಡಾಕ್ಟರು ಹಾಗೆ ಹೇಳಿರಲಿಲ್ಲ ಎಂಬುದೇ ಉತ್ತರವಾಗಿತ್ತು.

ನಿಷೇಧ ಮುಗಿದರೂ ಸಮುದ್ರ ಬಿಡಲಿಲ್ಲ. ಗಾಳಿ ಜೋರಿದ್ದು ಬೋಟುಗಳೆಲ್ಲ ಬೈತಖೋಲದಲ್ಲೇ ಒಂದಕ್ಕೊಂದು ತಾಗಿ ನಿಂತಿದ್ದವು. ಹಾಗಾಗಿ ಜಗದೀಶ ಹೆಚ್ಚಿನ ಹೊತ್ತು ಅಣ್ಣನ ಮನೆಯಲ್ಲೇ ಇರುತ್ತಿದ್ದ. ಅಣ್ಣನನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು ಎಲ್ಲ ಅವನು ಮಾಡುತ್ತಿದ್ದ. ಅದೇ ದಿನಗಳಲ್ಲಿ ಪ್ರಗತಿ ಕೆಲವನ್ನು ಗಮನಿಸತೊಡಗಿದಳು. ಬೇಡವೆಂದರೂ ಕಣ್ಣು ಅದನ್ನೇ ಹುಡುಕುತ್ತಿತ್ತು. ಅಪ್ಪ ಹಗಲೂ ನಿದ್ದೆಯಲ್ಲೇ ಇರುತ್ತಿದ್ದ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದ. ಮೂತ್ರ ಚಹಾದ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿ, ಸ್ವಲ್ಪವೇ ಬರುತ್ತಿತ್ತು. ಹೊಟ್ಟೆ ಉಬ್ಬಿ, ಕೆನ್ನೆ ಒಳಗೆ ಹೋಗಿ, ಮೂಗು ಚೂಪಾಗಿತ್ತು. ಬೆರಳುಗಳು ಹೊದಿಕೆಯ ಅಂಚನ್ನು ಎಳೆಯುತ್ತ, ಏನೋ ಬಿಡಿಸುತ್ತ ಇರುತ್ತಿದ್ದವು. ಪಾದ ಮುಟ್ಟಿದರೆ ತಣ್ಣಗೆ. ಮೊನ್ನೆ ಇದ್ದದ್ದು ನಿನ್ನೆ ಇರಲಿಲ್ಲ, ನಿನ್ನೆ ಇದ್ದದ್ದು ಇವತ್ತಿಲ್ಲ.

ಒಂದು ಮಧ್ಯಾಹ್ನ ಅವನು ಕಣ್ಣು ಮುಚ್ಚಿಕೊಂಡೇ, "ಹೊನ್ನು, ಹಗ್ಗ ಸಡ್ಲ ಬಿಡು" ಎಂದ.

ಹೊನ್ನು ಅವನ ಬೋಟಿನಲ್ಲಿದ್ದ ಹಳೆಯ ಖಲಾಸಿ. ಸತ್ತು ವರ್ಷಗಳಾಗಿದ್ದವು. ಕಾಶಿ ಹೆದರಿ ಬಾಗಿಲ ಬಳಿ ಹೋಗಿ ನಿಂತಳು. ಸತ್ತವರು ಕರೆಯಲು ಬಂದಿದ್ದಾರೆ, ದೇವಸ್ಥಾನಕ್ಕೆ ಹೋಗಿ ಹೇಳಿಸಿಕೊಂಡು ಬರಬೇಕು ಎಂದಳು. ಕಾಯಿಲೆ ಹೆಚ್ಚಾದಾಗ ಹೀಗೆ ಮಾತಾಡುವುದುಂಟು, ಅಪ್ಪನಿಗೆ ಅದರಿಂದ ಭಯ ಆಗುತ್ತಿಲ್ಲ, ನಾವೂ ಹೆದರುವುದು ಬೇಡ ಎಂದು ಪ್ರಗತಿ ತಿಳಿಸಿ ಹೇಳಿದಳು. ಮಂಗೇಶ ಮತ್ತೆ ಅದೇ ಹೇಳಿದ. ಉತ್ತರ ಬಾರದ್ದಕ್ಕೆ ಸಿಟ್ಟು ಬಂದವನ ಹಾಗೆ ಹುಬ್ಬು ಗಂಟಿಕ್ಕಿದ. ಆಗ ಕಾಶಿ ಹತ್ತಿರ ಬಂದು ಕೂತು, ಗಂಡಸಿನ ದನಿ ಮಾಡಿ, "ಬಿಟ್ಟೆ ತಾಂಡೇಲ" ಎಂದಳು. ಅವನ ಹುಬ್ಬು ಸಡಿಲವಾಯಿತು. ಆಮೇಲೆ ಅವನು ಹೊನ್ನುವನ್ನು ಕರೆದಾಗಲೆಲ್ಲ ಕಾಶಿಯೇ ಓಗೊಡುತ್ತಿದ್ದಳು.

ಅಷ್ಟರಲ್ಲಿ ಗಾಳಿ ನಿಂತಿತು. ಬೋಟುಗಳು ಹೊರಟವು. ಮೊದಲು ಹೋದವರಿಗೆ ಬಂಗಡೆ ಚೆನ್ನಾಗಿ ಬಿತ್ತು ಎಂದು ಸುದ್ದಿ ಬಂತು. ತುಳಸಿದಾಸರು ಫೋನು ಮಾಡಿ ಮಂಗೇಶನ ಆರೋಗ್ಯ ವಿಚಾರಿಸಿದರು, ಬೋಟಿನ ಮಾತು ತಾವಾಗಿ ತೆಗೆಯಲಿಲ್ಲ. ಆದರೆ ಖಲಾಸಿಗಳು ಬೈತಖೋಲದಲ್ಲಿ ಕಾಯುತ್ತ ಕೂತಿದ್ದಾರೆಂದು ಜಗದೀಶನಿಗೆ ಗೊತ್ತಿತ್ತು. ಹೋಗಬೇಕೋ ಇರಬೇಕೋ ತಿಳಿಯದೆ ಅವನು ಮೊಬೈಲು ಹಿಡಿದು ಅಂಗಳದಲ್ಲಿ ತಿರುಗುತ್ತಿದ್ದ.

ಹಾಗಿರುವಾಗ ಒಂದು ಬೆಳಿಗ್ಗೆ ಮಂಗೇಶ ಕಣ್ಣು ಬಿಟ್ಟು, ಸ್ಪಷ್ಟವಾದ ದನಿಯಲ್ಲಿ, "ಕಾಶೀ, ಹಸಿವೆ ಆಗ್ತದೆ" ಎಂದ.

ಕಾಶಿ ಮೊದಲು ನಂಬಲಿಲ್ಲ. ಎಂತ ಹೇಳಿದ್ರಿ ಎಂದು ಮತ್ತೆ ಕೇಳಿದಳು. ಅವನು ಗಂಜಿ ಬೇಕು, ಸುಟ್ಟ ಒಣಬಂಗಡೆ ಬೇಕು ಎಂದ. ಎತ್ತಿ ಕೂರಿಸಿ ಅಂದ. ಜಗದೀಶ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ. ಮಂಗೇಶ ಅರ್ಧ ಬಟ್ಟಲು ಗಂಜಿ ತಾನೇ ಎತ್ತಿ ಕುಡಿದ. ಬಂಗಡೆಯ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಚೀಪಿ, ಉಪ್ಪು ಕಡಿಮೆಯಾಯಿತು ಎಂದ. ಗಡ್ಡ ಬೆಳೆದು ಭಿಕ್ಷುಕನ ಹಾಗೆ ಕಾಣುತ್ತಿದ್ದೇನೆ, ಬೋಳಿಸು ಎಂದು ತಮ್ಮನಿಗೆ ಹೇಳಿದ. ಗಡ್ಡ ಬೋಳಿಸಿ ಆದ ಮೇಲೆ ಜಗಲಿಗೆ ಕರೆದುಕೊಂಡು ಹೋಗಿ ಎಂದ. ಜಗಲಿಯ ಆರಾಮ ಕುರ್ಚಿಯಲ್ಲಿ ಕೂತು, ತೆಂಗಿನಮರಗಳ ಸಂದಿಯಿಂದ ಕಾಣುವ ಸಮುದ್ರವನ್ನು ಸ್ವಲ್ಪ ಹೊತ್ತು ನೋಡಿ, ನೀರು ತಿಳಿಯಾಗಿದೆಯಲ್ಲ, ಬೋಟು ಯಾಕೆ ನಿಲ್ಲಿಸಿದ್ದೀ ಎಂದು ಜಗದೀಶನನ್ನು ಕೇಳಿದ. ಜಗದೀಶ ತಡವರಿಸಿದ. ಮೀನು ದೂರ ಇದೆ, ಗಂಗೊಳ್ಳಿಯ ಕಡೆ, ಹೋದರೆ ಎರಡು ಮೂರು ದಿನ ಬೇಕು ಎಂದ. ಹಾಗಾದರೆ ಇವತ್ತೇ ಹೊರಡು, ಬೆಳಗಾಗುವ ಮುಂಚೆ ಅಲ್ಲಿರಬೇಕು, ನಾನು ಸತ್ತೆನೆಂದುಕೊಂಡು ಕೂತಿದ್ದೀಯಾ ಎಂದು ಮಂಗೇಶ ಗದರಿದ. ಹಳೆಯ ಗದರಿಕೆ. ಅದನ್ನು ಕೇಳಿ ಜಗದೀಶ ನಕ್ಕುಬಿಟ್ಟ. ಕಾಶಿ ಬೇಲಿಯ ಬಳಿ ನಿಂತು ದುರ್ಗಿಗೆ ಎಲ್ಲ ಹೇಳಿದಳು. ಆಮೇಲೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಪ್ರಗತಿ ಮಾತ್ರ ನಗಲಿಲ್ಲ. ಆಸ್ಪತ್ರೆಯಲ್ಲಿ ಅವಳು ಇದನ್ನು ನೋಡಿದ್ದಳು. ವಾರಗಟ್ಟಲೆ ಮಾತಾಡದಿದ್ದ ಒಬ್ಬ ಮುದುಕಿ ಒಂದು ಬೆಳಿಗ್ಗೆ ಎದ್ದು ಕೂತು, ತಲೆ ಬಾಚಿ ಹೂ ಮುಡಿಸಿ ಎಂದಿದ್ದಳು. ಹುಷಾರಾದಳೆಂದು ಮಗ ಕುಮಟೆಗೆ ಹೋಗಿ ಬರಲು ಬಸ್ಸು ಹತ್ತಿದ. ಅವನು ಊರು ಮುಟ್ಟುವ ಮುಂಚೆ ಫೋನು ಮಾಡಬೇಕಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆಗುವುದುಂಟು. ಅವಳು ಅಪ್ಪನ ಕಾಲ ಬಳಿ ಕೂತು ಪಾದ ತಿಕ್ಕುವ ನೆಪದಲ್ಲಿ ಮುಟ್ಟಿ ನೋಡಿದಳು. ಪಾದ ನಿನ್ನೆಗಿಂತ ತಣ್ಣಗಿತ್ತು. ಮೊಣಕಾಲಿನವರೆಗೂ ತಂಪು ಏರಿತ್ತು, ಚರ್ಮದ ಕೆಳಗೆ ನೀಲಿ ಬಲೆಯ ಹಾಗೆ ಗೆರೆ ಎದ್ದಿದ್ದವು. ನಾಡಿ ಸಣ್ಣಗೆ, ಓಡುತ್ತಿತ್ತು. ಮುಖ ಮಾತ್ರ ಬೆಳಗಿತ್ತು.

ಮಧ್ಯಾಹ್ನ ಊಟ ಮಾಡಿ ಜಗದೀಶ ಬಟ್ಟೆಯ ಚೀಲ ತಗುಲಿಸಿಕೊಂಡು ಬೈಕಿನ ಹತ್ತಿರ ಹೋದ. ಪ್ರಗತಿ ಹಿಂದೆಯೇ ಹೋದಳು.

"ಕಾಕಾ, ಈ ಸಲ ಹೋಗ್ಬೇಡ."

"ಯಾಕೆ? ಅಣ್ಣನೇ ಹೋಗು ಹೇಳ್ದ. ನೀನೇ ನೋಡಿದೆಯಲ್ಲ, ಎಷ್ಟು ಹುಷಾರಾಗಿದಾನೆ."

"ಹುಷಾರಾದದ್ದಲ್ಲ ಅದು. ಹೋಗುವ ಮುಂಚೆ ಕೆಲವರಿಗೆ ಹಿಂಗಾಗ್ತದೆ. ಒಂದು ದಿನ, ಹೆಚ್ಚಂದ್ರೆ ಎರಡು ದಿನ. ಕಾಲು ಮುಟ್ಟಿ ನೋಡು, ಮೊಣಕಾಲ ತನಕ ತಣ್ಣಗಾಗಿದೆ."

ಜಗದೀಶನ ಮುಖ ಕಪ್ಪಾಯಿತು. ಇಷ್ಟು ದಿನದಲ್ಲಿ ಒಂದು ಒಳ್ಳೆಯ ದಿನ ಬಂದರೆ ಅದನ್ನೂ ಹಾಳು ಮಾಡುತ್ತೀಯಾ ಎಂದ. ಆಸ್ಪತ್ರೆಯಲ್ಲಿ ಹೆಣ ನೋಡಿ ನೋಡಿ ನಿನಗೆ ಎಲ್ಲರೂ ಹಾಗೇ ಕಾಣುತ್ತಾರೆ ಎಂದೂ ಅಂದ.

"ನಾನು ಹೇಳಿದ್ದು ತಪ್ಪಾದ್ರೆ ಒಂದು ಸಲ ಮೀನಿಗೆ ಹೋಗೂದು ತಪ್ತದೆ, ಅಷ್ಟೇ," ಎಂದಳು. "ತಪ್ಪಾಗ್ಲಿ ಹೇಳೇ ನಾನೂ ಬೇಡ್ಕೊಳ್ತಿದ್ದೇನೆ."

ಅವನು ಬೈಕು ಚಾಲು ಮಾಡಿ ಹೋದ. ಅವನ ಬೈಕು ರಸ್ತೆಯ ತಿರುವು ದಾಟುವವರೆಗೂ ಪ್ರಗತಿ ನೋಡುತ್ತ ನಿಂತಿದ್ದಳು.

ಜಗಲಿಗೆ ಬಂದಾಗ ಮಂಗೇಶ ಒಬ್ಬನೇ ಕೂತಿದ್ದ. ಕಾಶಿ ಒಳಗೆ ಅವನ ತಲೆಗೆ ಹಚ್ಚಲು ಎಣ್ಣೆ ಬಿಸಿ ಮಾಡುತ್ತಿದ್ದಳು. ಅವನು ಮಗಳನ್ನು ಹತ್ತಿರ ಕರೆದು, ಜಗದೀಶನ ಹತ್ತಿರ ಏನು ಹೇಳಿದೆ ಎಂದು ಕೇಳಿದ. ಹೋಗಬೇಡ ಎಂದೆ ಅಂದಳು.

"ಹೇಳ್ಬಾರ್ದಿತ್ತು," ಎಂದ ಮಂಗೇಶ. "ಬೇಕು ಹೇಳೇ ಅವ್ನನ್ನ ಕಳ್ಸಿದ್ದು ನಾನು. ಅಪ್ಪ ಸತ್ತಾಗ ಅವ್ನು ಸಣ್ಣವ. ಅನ್ನ ಬಿಟ್ಟು, ಮಾತು ಬಿಟ್ಟು, ಅವ್ನೂ ಹೋಗ್ತಾನೆ ಅನ್ನೂ ಹಾಗಾಗಿತ್ತು. ಸಮುದ್ರದಲ್ಲಿದ್ರೆ ಕೆಲ್ಸ ಇರ್ತದೆ, ಅಳೂದಕ್ಕೆ ಪುರುಸೊತ್ತಿರೂದಿಲ್ಲ."

ಪ್ರಗತಿ ಅವನ ಕುರ್ಚಿಯ ಪಕ್ಕ ನೆಲಕ್ಕೆ ಕೂತಳು. ಅಪ್ಪನಿಗೆ ಎಲ್ಲ ಗೊತ್ತಿದೆ ಎಂಬುದು ಅವಳ ತಲೆಗೇ ಬಂದಿರಲಿಲ್ಲ. ಇಷ್ಟು ವರ್ಷ ರೋಗಿಗಳ ನಡುವೆ ಇದ್ದೂ ಅವನನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

"ನಿನ್ಗೆ ಹೆಂಗೆ ಗೊತ್ತಾಯ್ತು?" ಎಂದಳು.

"ಗೊತ್ತಾಗ್ತದೆ. ಕಾಲು ನನ್ದಲ್ಲ ಅನ್ನೂ ಹಾಗೆ ಆಗಿದೆ."

ಅವಳು ಅವನ ಕೈ ಹಿಡಿದುಕೊಂಡಳು. "ಕಾಕಾ ಈಗ ಸಣ್ಣವ ಅಲ್ಲ ಅಪ್ಪಾ," ಎಂದಳು. "ಅವ್ನು ಸಮುದ್ರದಲ್ಲಿದ್ದಾಗ ನೀನು ಹೋದ್ರೆ, ಮತ್ತೆ ಯಾವತ್ತೂ ಆ ಬೋಟು ಹತ್ತೂದಿಲ್ಲ."

ಮಂಗೇಶ ಯೋಚಿಸಿದ. ಇರಬಹುದು ಎಂದ. ಫೋನು ಮಾಡಲೇ ಎಂದು ಕೇಳಿದ್ದಕ್ಕೆ ಬೇಡ, ಅವನಿಗೇ ತಿಳಿಯಬೇಕು ಎಂದ. ಆಮೇಲೆ ಒಳಗಿನ ಕಡೆ ಕಣ್ಣು ಹಾಯಿಸಿ, ನಿನ್ನ ಆಯಿಗೆ ಇವತ್ತು ಏನೂ ಹೇಳಬೇಡ, ಬಹಳ ದಿನದ ಮೇಲೆ ಖುಷಿಯಾಗಿದ್ದಾಳೆ ಎಂದ. ಕಾಶಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಮದುವೆಯಾದ ಹೊಸತರಲ್ಲಿ ಇದೇ ತಲೆಗೆ ಎಣ್ಣೆ ಹಚ್ಚಲು ಹೋದರೆ ಓಡಿಹೋಗುತ್ತಿದ್ದರು ಎಂದು ಮಗಳಿಗೆ ಹೇಳಿ ನಕ್ಕಳು. ಮಂಗೇಶ ಕಣ್ಣು ಮುಚ್ಚಿ, ತಲೆ ಅವಳ ಕೈಗೆ ಒಪ್ಪಿಸಿ ಕೂತ. ಪ್ರಗತಿ ಅಲ್ಲೇ ಕಂಬಕ್ಕೆ ಒರಗಿ ಇಬ್ಬರನ್ನೂ ನೋಡಿದಳು.

ಮುಸ್ಸಂಜೆಯ ಹೊತ್ತಿಗೆ ಅವನಿಗೆ ಸುಸ್ತಾಯಿತು. ಒಳಗೆ ಕರೆತಂದು ಮಲಗಿಸಿದರು. ದೀಪ ಹಚ್ಚುತ್ತಿರುವಾಗ ಅಂಗಳದಲ್ಲಿ ಬೈಕಿನ ಸದ್ದಾಯಿತು. ಜಗದೀಶ ಚೀಲ ಹಾಗೇ ಹೆಗಲಿಗೆ ಹಾಕಿಕೊಂಡು ಒಳಗೆ ಬಂದ. ಬೈತಖೋಲದವರೆಗೆ ಹೋಗಿ, ಬೋಟು ಹತ್ತಿ, ಮತ್ತೆ ಇಳಿದು ಬಂದಿದ್ದ.

ಮಂಗೇಶ ಕಣ್ಣು ತೆರೆದು ಅವನನ್ನೇ ನೋಡಿದ. "ಬೋಟು?"

"ಹೊರಡ್ತದೆ. ನಾನು ಹೋಗ್ಲಿಲ್ಲ."

"ಯಾರ ಕೈಗೆ ಕೊಟ್ಟೆ?"

"ಸುಜಯನ ಕೈಗೆ."

ಖಲಾಸಿ ಸುಜಯ ಚುಕ್ಕಾಣಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುತ್ತಾನೆ, ಮೀನು ಬೆದರುತ್ತದೆ ಎಂದು ಮಂಗೇಶ ಹೇಳಿದ. ಈಗ ಸುಧಾರಿಸಿದ್ದಾನೆ ಎಂದು ಜಗದೀಶ ಹೇಳಿದ. ಬಲೆಯ ಯಾವ ತುದಿ ಹೊಸತು, ಎಂಜಿನ್ನಿನ ಸದ್ದು ಹೇಗಿದೆ, ಯಾವ ಖಲಾಸಿ ಈ ವರ್ಷ ಬೇರೆ ಬೋಟಿಗೆ ಹೋದ ಎಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮಾತು ಮಂಗೇಶನದು ಕ್ರಮೇಣ ಕಡಿಮೆಯಾಯಿತು. ಕೊನೆಗೆ ಅವನು ಕೈ ಚಾಚಿದ. ಜಗದೀಶ ಅದನ್ನು ಹಿಡಿದು ಹಣೆಗೆ ಒತ್ತಿಕೊಂಡು ಅತ್ತ. ಮಂಗೇಶ ಅಳಬೇಡ ಎನ್ನಲಿಲ್ಲ. ಇನ್ನೊಂದು ಕೈಯಿಂದ ಅವನ ಕೂದಲು ಸವರಿದ.

ಬಾಗಿಲಲ್ಲಿ ನಿಂತಿದ್ದ ಕಾಶಿ ಇದನ್ನು ನೋಡಿದಳು. ತಿರುಗಿ ಅಡುಗೆಮನೆಗೆ ಹೋಗಿ ಪ್ರಗತಿಯ ತೋಳು ಹಿಡಿದಳು.

"ಮಣಿಪಾಲದಲ್ಲಿ ಡಾಕ್ಟರು ಎಂತ ಹೇಳಿದ್ರು? ಇದ್ದದ್ದು ಇದ್ದ ಹಾಗೆ ಹೇಳು."

ಪ್ರಗತಿ ಹೇಳಿದಳು. ಗಡ್ಡೆಯದು, ಔಷಧ ನಿಲ್ಲಿಸಿದ್ದು, ಇವತ್ತಿನ ಚೈತನ್ಯ ಏನೆಂಬುದು, ಇನ್ನು ಉಳಿದದ್ದು ಬಹಳ ಸ್ವಲ್ಪ ಎಂಬುದು, ಅಪ್ಪನಿಗೂ ಇದು ಗೊತ್ತಿದೆ ಎಂಬುದು. ಕಾಶಿ ಕೇಳಿ ಮುಗಿದ ಮೇಲೆ ಒಲೆಯ ಮೇಲಿದ್ದ ಸಾರಿನ ಪಾತ್ರೆ ಇಳಿಸಿ ನೆಲಕ್ಕೆ ಕುಕ್ಕಿದಳು.

"ನನ್ನ ಗಂಡ. ನಿನ್ಗೆ ಗೊತ್ತು, ನಿನ್ನ ಕಾಕಾಗೆ ಗೊತ್ತು, ಅವ್ರಿಗೂ ಗೊತ್ತು. ನನ್ಗೆ ಮಾತ್ರ ಇಲ್ಲ. ಬಾಯಿ ಒತ್ತಿ ಹಿಡಿದು ತಿನ್ಸಿದ್ನಲ್ಲೇ ನಾನು. ಮೊದ್ಲೇ ಹೇಳಿದ್ರೆ ಸುಮ್ಮನೆ ಪಕ್ಕದಲ್ಲಿ ಕೂತಿರ್ತಿದ್ದೆ."

ಪ್ರಗತಿ ತಪ್ಪಾಯಿತು ಎಂದಳು. ಕಾಶಿ ಕೇಳಿಸಿಕೊಂಡಳೋ ಇಲ್ಲವೋ, ಕೈಕಾಲು ತೊಳೆದುಕೊಂಡು ಹೋಗಿ ಗಂಡನ ಪಕ್ಕ ಕೂತಳು. ಅವರಿಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಪ್ರಗತಿ ಕಾಕನನ್ನು ಹೊರಗೆ ಕರೆದು ಬಾಗಿಲು ಮುಂದೆ ಮಾಡಿದಳು.

ಬೆಳಗಾದಾಗ ಮಂಗೇಶನಿಗೆ ಎಚ್ಚರವಿರಲಿಲ್ಲ. ಉಸಿರು ಒಂದು ನಮೂನೆಯಾಗಿತ್ತು. ನಾಲ್ಕಾರು ಸಲ ಜೋರಾಗಿ ಎಳೆದು, ಆಮೇಲೆ ನಿಂತೇ ಹೋಯಿತು ಅನ್ನಿಸುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಶುರುವಾಗುತ್ತಿತ್ತು. ಗಂಟಲಲ್ಲಿ ಗೊರಗೊರ ಸದ್ದು. ಆಸ್ಪತ್ರೆಗೆ ಒಯ್ಯೋಣವೇ, ಆಕ್ಸಿಜನ್ ಕೊಡಿಸೋಣವೇ ಎಂದು ಜಗದೀಶ ಒಮ್ಮೆ ಕೇಳಿದ. ಈ ಸದ್ದು ಕೇಳುವವರಿಗೆ ಕಷ್ಟ, ಅಪ್ಪನಿಗೆ ಇದು ಗೊತ್ತಾಗುತ್ತಿಲ್ಲ, ಹಣೆ ನೋಡು ಸುಕ್ಕಿಲ್ಲ, ನೋವಿದ್ದಿದ್ದರೆ ಅಲ್ಲಿ ಕಾಣುತ್ತಿತ್ತು ಎಂದು ಪ್ರಗತಿ ಹೇಳಿದಳು. ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದಳು, ಸದ್ದು ಸ್ವಲ್ಪ ತಗ್ಗಿತು. ಕಾಶಿ ಅವತ್ತು ಒಲೆಯ ಹತ್ತಿರ ಹೋಗಲೇ ಇಲ್ಲ. ಹತ್ತಿಯನ್ನು ನೀರಿನಲ್ಲಿ ಅದ್ದಿ ಅವನ ತುಟಿ ಒರೆಸುತ್ತ, ಕೆಳದನಿಯಲ್ಲಿ ಏನೇನೋ ಹೇಳುತ್ತ ಕೂತಿದ್ದಳು. ಅವನಿಗೆ ಕೇಳಿಸುತ್ತದೆಯೇ ಎಂದು ಮಗಳನ್ನು ಕೇಳಿದಳು. ಕೇಳಿಸಬಹುದು ಎಂದು ಪ್ರಗತಿ ಹೇಳಿದಳು. ದುರ್ಗಿ ಮನೆಯವರೆಲ್ಲರಿಗೂ ಅನ್ನ ಸಾರು ತಂದಿಟ್ಟು ಹೋದಳು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಉಸಿರಿನ ನಡುವಿನ ಬಿಡುವು ಉದ್ದವಾಯಿತು. ಜಗದೀಶ ಕಾಲ ಬಳಿ, ಕಾಶಿ ತಲೆಯ ಬಳಿ, ಪ್ರಗತಿ ಕೈ ಹಿಡಿದು ಕೂತಿದ್ದರು. ಒಂದು ಉಸಿರು ಹೋಯಿತು. ಮುಂದಿನದಕ್ಕೆ ಮೂವರೂ ಕಾದರು. ಅದು ಬರಲಿಲ್ಲ. ಪ್ರಗತಿ ಕುತ್ತಿಗೆಯಲ್ಲಿ ಬೆರಳಿಟ್ಟು ನೋಡಿ, ತಾಯಿಯ ಕಡೆ ತಿರುಗಿ ತಲೆಯಾಡಿಸಿದಳು. ನಂತರ ಅವಳು ನರ್ಸಾಗಿ ಉಳಿಯಲಿಲ್ಲ. ಅಪ್ಪನ ತೋಳಿನ ಮೇಲೆ ಮುಖವಿಟ್ಟು ಗಟ್ಟಿಯಾಗಿ ಅತ್ತಳು. ಕಾಶಿಯೇ ಅವಳ ಬೆನ್ನು ನೇವರಿಸಬೇಕಾಯಿತು.

ಸೂತಕದ ದಿನಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಪ್ರಗತಿ ಕಾರವಾರಕ್ಕೆ ಕೆಲಸಕ್ಕೆ ಮರಳಿದಳು. ಮಗಳ ಮೇಲಿನ ಕಾಶಿಯ ಸಿಟ್ಟು ಅಷ್ಟರಲ್ಲೇ ಕರಗಿತ್ತು. ಮೈದುನನ ಮೇಲಿನದು ಕರಗಿರಲಿಲ್ಲ. ಅವನು ಬಂದರೆ ಚಹಾ ಕೊಡುತ್ತಿದ್ದಳು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವಳು ಮತ್ತೆ ಅಂಕೋಲೆಯ ಮಾರ್ಕೆಟ್ಟಿಗೆ ಹೋಗತೊಡಗಿದಳು. ಜಗದೀಶ ಬೋಟು ಹತ್ತಿದ.

ಪ್ರಗತಿಗೆ ರಜೆಯಿದ್ದ ಒಂದು ದಿನ ಅವನು ಬೈತಖೋಲದಿಂದ ನೇರ ಬೆಳಂಬಾರಕ್ಕೆ ಬಂದ. ಬಂಗಡೆಯ ಚೀಲವನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು ಹೊರಡಲು ನೋಡಿದ. ಊಟ ಮಾಡಿಕೊಂಡು ಹೋಗು ಎಂದು ಕಾಶಿ ಮಗಳ ಕೈಯಲ್ಲಿ ಹೇಳಿ ಕಳಿಸಿದಳು. ಮೀನು ಸ್ವಚ್ಛ ಮಾಡಿ, ಮಸಾಲೆ ಹಚ್ಚಿ ಹುರಿದಳು. ಅವನು ತಲೆ ಬಗ್ಗಿಸಿ ಉಂಡ. ಅರ್ಧ ಊಟ ಆದಾಗ ಕೈ ನಿಲ್ಲಿಸಿದ.

"ಅವತ್ತು ನಿಮ್ಗೆ ಹೇಳ್ಬೇಕಾಗಿತ್ತು, ಅತ್ತಿಗೆ."

"ಹೌದು," ಎಂದಳು ಕಾಶಿ. "ಹೇಳ್ಬೇಕಾಗಿತ್ತು."

ಇನ್ನೊಂದು ಬಂಗಡೆ ಅವನ ತಟ್ಟೆಗೆ ಹಾಕಿ, ತನಗೂ ಬಡಿಸಿಕೊಂಡು ಎದುರಿಗೆ ಕೂತಳು. ಗಾಳಿ ಮತ್ತೆ ಏಳುತ್ತದಂತೆ ಹೌದಾ ಎಂದು ಕೇಳಿದಳು. ಹಾಗೇ ಕಾಣುತ್ತದೆ ಎಂದು ಅವನು ಹೇಳಿದ.